ಬಟಾಣಿ ಪಫರ್ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಾಲ್‌ನಲ್ಲಿರುವ ಎರಡಡಿ ಟ್ಯಾಂಕ್ ಮುಂದೆ ನಿಂತವರು ಮೊದಲು ಕೇಳುವುದು, "ಮೀನೆಲ್ಲಿ? ಬರೀ ಗಿಡ ಇದೆಯಲ್ಲ!" ಅಂತ. ಎರಡು ನಿಮಿಷ ಅಲ್ಲಾಡದೆ ನಿಂತರೆ ಎಲೆಗಳ ಸಂದಿಯಿಂದ ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದೊಂದು ಮೀನು ಹೊರಬಂದು, ಅವರ ಮುಖವನ್ನೇ ದಿಟ್ಟಿಸಿ ನೋಡುತ್ತದೆ. ಅಲ್ಲಿಂದ ಶುರುವಾಗುತ್ತವೆ ಪ್ರಶ್ನೆಗಳು. ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಪಫರ್ ಅಂದರೆ ಯಾವ ಮೀನು? ಎಲ್ಲವೂ ಒಂದೇನಾ?

ಪಫರ್ ಅಂದರೆ ಪ್ರಾಣಭಯವಾದಾಗ ನೀರು ನುಂಗಿ ಉಬ್ಬುವ ಮೀನು. ಎಲ್ಲವೂ ಒಂದೇ ಅಲ್ಲ. ಈ ಕುಟುಂಬದಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ, ಬಹುಪಾಲು ಸಮುದ್ರದವು. ಆಫ್ರಿಕಾದ ಕಾಂಗೋ ನದಿಯ ಎಂಬು ಪಫರ್ ಎರಡಡಿಗೂ ಮೀರಿ ಬೆಳೆಯುತ್ತದೆ. ಅದನ್ನು ಸಾಕಬೇಕಾದರೆ ಮನೆಯಲ್ಲಿ ಒಂದು ಕೋಣೆಯನ್ನೇ ಬಿಟ್ಟುಕೊಡಬೇಕು.

ನಾನಿಲ್ಲಿ ಹೇಳುತ್ತಿರುವುದು ಬಟಾಣಿ ಪಫರ್ ಬಗ್ಗೆ. ಅಂಗಡಿಯಲ್ಲಿ ಪೀ ಪಫರ್ ಅಥವಾ ಡ್ವಾರ್ಫ್ ಪಫರ್ ಅಂತ ಕೇಳಿ. ಪೂರ್ತಿ ಬೆಳೆದರೂ ಎರಡೂವರೆ ಸೆಂಟಿಮೀಟರ್ ಆಸುಪಾಸು. ಇದು ನಮ್ಮ ಪಶ್ಚಿಮ ಘಟ್ಟದ್ದೇ ಮೀನು, ಕೇರಳ ಮತ್ತು ದಕ್ಷಿಣ ಕರ್ನಾಟಕದ ಸಿಹಿನೀರಿನದು. 1941ರಲ್ಲಿ ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು ಕೇರಳದ ಪಂಪಾ ನದಿಯಲ್ಲಿ ಸಿಕ್ಕ ಮೀನನ್ನು ನೋಡಿ ಇದಕ್ಕೆ ಹೆಸರಿಟ್ಟರು. ಶಾಸ್ತ್ರೀಯ ಹೆಸರಿನಲ್ಲಿರುವ 'ಟ್ರಾವನ್‌ಕೋರಿಕಸ್' ಅಂದರೆ ತಿರುವಾಂಕೂರಿನದು ಅಂತ ಅರ್ಥ. ಥೇಟ್ ಇದರಂತೆಯೇ ಕಾಣುವ ಇನ್ನೊಂದು ಭಾರತದ ಮೀನಿಗೆ 1999ರಲ್ಲಿ 'ಇಮಿಟೇಟರ್' ಅಂತ ಹೆಸರು ಬಿತ್ತು. ಅಂಗಡಿಗಳಲ್ಲಿ ಒಮ್ಮೊಮ್ಮೆ ಎರಡೂ ಬೆರೆತು ಬರುತ್ತವೆ. ಸಾಕುವ ಕ್ರಮದಲ್ಲಿ ದೊಡ್ಡ ವ್ಯತ್ಯಾಸವೇನಿಲ್ಲ.

ಅಂಗಡಿಯವರು ಹಸಿರು ಮೈಗೆ ಕಪ್ಪು ಚುಕ್ಕೆ ಇರುವ ಪಫರ್ ತೋರಿಸಿ "ಇದೂ ಸಿಹಿನೀರಿಂದೇ" ಅಂದರು. ತರಲಾ?

ಬೇಡ. ನಾನು ಮೋಸ ಹೋಗಿದ್ದು ಇಲ್ಲೇ. ನನ್ನ ಮೊದಲ ಪಫರ್ ಈ ಹಸಿರು ಚುಕ್ಕೆಯದ್ದು. ತಂದಾಗ ಹೆಬ್ಬೆರಳಿನ ಉಗುರಿನಷ್ಟಿತ್ತು, ನೋಡಲು ಬಲು ಮುದ್ದು. ಕೆಲವೇ ತಿಂಗಳಲ್ಲಿ ಬಿಳಿ ಹೊಟ್ಟೆ ಮಸಿ ಬಳಿದಂತಾಯಿತು. ಮೂಲೆಯಲ್ಲಿ ಮುದುಡಿ ಕೂರತೊಡಗಿತು. ಆಮೇಲೆ ಓದಿದಾಗ ಗೊತ್ತಾಯಿತು, ಇದು ಅಳಿವೆಯ ಮೀನು. ಹೊಳೆ ಸಮುದ್ರ ಸೇರುವ ಕಡೆ ಇರುತ್ತದಲ್ಲ, ಅಂಥ ಅರೆ ಉಪ್ಪು ನೀರು ಬೇಕು. ಅದೂ ಕಲ್ಲುಪ್ಪು ಕದಡಿದರೆ ಆಗುವುದಿಲ್ಲ, ಸಮುದ್ರದ ಟ್ಯಾಂಕ್‌ಗೆ ಬಳಸುವ ಉಪ್ಪೇ ಆಗಬೇಕು, ನೀರಿನಲ್ಲಿ ಉಪ್ಪೆಷ್ಟಿದೆ ಅಂತ ಅಳೆಯಲು ಹೈಡ್ರೋಮೀಟರ್ ಬೇಕು. ಬೆಳೆದರೆ ಅಂಗೈಗಿಂತ ದೊಡ್ಡದಾಗುತ್ತದೆ. ಕೊನೆಗೆ ಉಪ್ಪುನೀರಿನ ಟ್ಯಾಂಕ್ ಇದ್ದ ಒಬ್ಬರಿಗೆ ಕೊಟ್ಟು ಬಂದೆ. ಬಟಾಣಿ ಪಫರ್‌ಗೆ ಈ ತಾಪತ್ರಯವಿಲ್ಲ, ಅದು ಪೂರ್ತಿ ಸಿಹಿನೀರಿನದು.

ಇಷ್ಟು ಚಿಕ್ಕ ಮೀನಿಗೆ ಗಾಜಿನ ಬೌಲ್ ಸಾಕಲ್ವಾ?

ಸಾಲದು. ಮೀನು ಚಿಕ್ಕದು, ಆದರೆ ಅದರ ಗಲೀಜು ಚಿಕ್ಕದಲ್ಲ. ಮಾಂಸ ತಿನ್ನುವ ಮೀನು, ಚೆಲ್ಲಾಡಿಕೊಂಡು ತಿನ್ನುತ್ತದೆ. ಉಳಿದದ್ದು ಕೊಳೆತರೆ ಬೌಲ್‌ನ ನೀರು ಒಂದೇ ದಿನದಲ್ಲಿ ಕೆಡುತ್ತದೆ.

ಒಂದೇ ಮೀನಾದರೆ ಕನಿಷ್ಠ 20 ಲೀಟರ್. ಐದಾರು ಬೇಕಾದರೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತನ್ನಿ. ಅದು ಸುಮಾರು 56 ಲೀಟರ್ ಹಿಡಿಸುತ್ತದೆ. ನೀರಿನ ತೂಕವೇ 56 ಕೆಜಿ, ಮೇಲೆ ಗಾಜು, ಮರಳು, ಕಲ್ಲು. ಹಳೇ ಟಿವಿ ಸ್ಟ್ಯಾಂಡ್ ಮೇಲೆ ಇಡುವ ಮುಂಚೆ ಎರಡು ಸಲ ಯೋಚಿಸಿ. ಟ್ಯಾಂಕ್ ಕೆಳಗೆ ಒಂದು ತೆಳು ಥರ್ಮೋಕೋಲ್ ಹಾಳೆ ಹಾಕಿ, ಇಲ್ಲದಿದ್ದರೆ ಸಣ್ಣ ಕಲ್ಲಿನ ಚೂರಿಗೂ ತಳದ ಗಾಜು ಬಿರುಕು ಬಿಡುತ್ತದೆ. ನೇರ ಬಿಸಿಲು ಬೀಳುವ ಕಿಟಕಿ ಪಕ್ಕ ಬೇಡ.

ಟ್ಯಾಂಕ್ ತುಂಬಿಸಿದೆ, ನೀರು ಕನ್ನಡಿ ಹಾಗಿದೆ. ಇವತ್ತೇ ಮೀನು ಬಿಡಬಹುದಾ?

ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ. ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಮೀನಿಗೆ ಆಗಿಬರುತ್ತದೆ ಅಂತಲ್ಲ.

ಮೀನಿನ ಹೇಲು, ಉಳಿದ ಊಟ, ಕೊಳೆತ ಎಲೆ ಎಲ್ಲವೂ ನೀರಿನಲ್ಲಿ ಅಮೋನಿಯಾ ಆಗುತ್ತವೆ. ಅದು ಮೀನಿಗೆ ವಿಷ. ಫಿಲ್ಟರ್‌ನಲ್ಲಿ ಮನೆ ಮಾಡಿಕೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯವಲ್ಲ, ಗಿಡಗಳು ಸ್ವಲ್ಪ ಹೀರಿಕೊಳ್ಳುತ್ತವೆ, ಉಳಿದದ್ದು ನೀರು ಬದಲಿಸಿದಾಗ ಹೋಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದು. ಅವಸರ ಮಾಡಿ ಪಾತ್ರೆ ಅಲ್ಲಾಡಿಸಿದರೆ ಮೊಸರಾಗುವುದಿಲ್ಲ. ಮೊಸರು ರಾತ್ರಿ ಕಳೆಯುವುದರಲ್ಲಿ ಆಗುತ್ತದೆ, ಇದಕ್ಕೆ ನಾಲ್ಕರಿಂದ ಆರು ವಾರ ಬೇಕು.

ಫಿಲ್ಟರ್ ಹಾಕಿ, ಗಿಡ ನೆಟ್ಟು, ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಖಾಲಿ ಟ್ಯಾಂಕ್‌ಗೆ ಉದುರಿಸಿ. ವಾರಕ್ಕೆರಡು ಸಲ ಟೆಸ್ಟ್ ಕಿಟ್‌ನಲ್ಲಿ ನೋಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಾಣುತ್ತಿದೆ ಅಂದರೆ ಟ್ಯಾಂಕ್ ತಯಾರು. ಹೆಪ್ಪು ಸಾಲ ಸಿಕ್ಕರೆ ಕೆಲಸ ಬೇಗ ಆಗುತ್ತದೆ: ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇರುವ ಗೆಳೆಯರಿಂದ ಹಳೇ ಫಿಲ್ಟರ್ ಸ್ಪಂಜಿನ ಒಂದು ತುಂಡು ತಂದು ನಿಮ್ಮದರಲ್ಲಿ ಹಾಕಿ. ತರುವಾಗ ಒಣಗದಂತೆ ಅದೇ ನೀರಿನಲ್ಲಿ ಮುಳುಗಿಸಿ ತನ್ನಿ.

ಈ ಕಾಯುವ ದಿನಗಳಲ್ಲಿ ಮಾಡಬೇಕಾದ ಒಂದು ಮುಖ್ಯ ಕೆಲಸ ಇದೆ, ಬಸವನಹುಳು ಸಾಕುವುದು. ಕೆಳಗೆ ಹೇಳಿದ್ದೇನೆ.

ಕಾವೇರಿ ನೀರು ಹಾಕಲಾ, ಬೋರ್‌ವೆಲ್‌ದಾ, ಆರ್‌ಒ ನೀರಾ?

ಆರ್‌ಒ ನೀರನ್ನೇ ಪೂರ್ತಿ ಹಾಕಬೇಡಿ. ಅದರಲ್ಲಿ ಖನಿಜಾಂಶ ಏನೂ ಉಳಿದಿರುವುದಿಲ್ಲ. ನಲ್ಲಿ ನೀರು ಒಳ್ಳೆಯದೇ, ಆದರೆ ಕ್ಲೋರಿನ್ ತೆಗೆಯಲೇಬೇಕು. ಬಕೆಟ್‌ನಲ್ಲಿ ಹಿಡಿದು ಒಂದು ದಿನ ಬಾಯಿ ತೆರೆದು ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ.

ಬೋರ್‌ವೆಲ್ ನೀರು ಗಡುಸು. ಸ್ವಲ್ಪ ಗಡುಸಾದರೆ ಬಟಾಣಿ ಪಫರ್‌ಗೆ ತೊಂದರೆಯಿಲ್ಲ, ಪಿಎಚ್ ಏಳರಿಂದ ಎಂಟರೊಳಗೆ ಇದ್ದರೆ ಒಗ್ಗಿಕೊಳ್ಳುತ್ತದೆ. ಬಸವನಹುಳುಗಳ ಚಿಪ್ಪಿಗಂತೂ ಗಡುಸು ನೀರೇ ಒಳ್ಳೆಯದು. ಬಕೆಟ್‌ಗೆ ಬಿಳಿ ಪದರ ಕಟ್ಟುವಷ್ಟು ಗಡುಸಿದ್ದರೆ ಅರ್ಧ ಆರ್‌ಒ ಬೆರೆಸಿ. ಮುಖ್ಯ ಅಂದರೆ ಇವತ್ತೊಂದು ನಾಳೆಯೊಂದು ನೀರು ಹಾಕಬಾರದು. ಬೇಸಿಗೆಯಲ್ಲಿ ನಮ್ಮ ಸಂಪಿಗೆ ಒಂದು ವಾರ ಕಾವೇರಿ, ಇನ್ನೊಂದು ವಾರ ಟ್ಯಾಂಕರ್. ಆಗ ನಾನು ಒಂದೇ ಸಲಕ್ಕೆ ಜಾಸ್ತಿ ಬದಲಿಸುವುದಿಲ್ಲ, ದಿನ ಬಿಟ್ಟು ದಿನ ಎರಡೆರಡು ಚೊಂಬು ಅಷ್ಟೇ.

ಫಿಲ್ಟರ್, ಹೀಟರ್ ಎರಡೂ ಬೇಕಾ? ಕರೆಂಟ್ ಹೋದರೆ?

ಏರ್ ಪಂಪಿನ ಗಾಳಿಯಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು, ಅಗ್ಗವೂ ಹೌದು. ಈ ಮೀನಿಗೆ ಜೋರು ಹರಿವು ಆಗುವುದಿಲ್ಲ. ಇದರ ಈಜೇ ಹೆಲಿಕಾಪ್ಟರ್ ತರಹ, ಪುಟ್ಟ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಲ್ಲುವುದು. ನೀರು ತಳ್ಳಿದರೆ ದಿನವಿಡೀ ಒದ್ದಾಡಿ ಸುಸ್ತಾಗುತ್ತದೆ.

ನೀರು 24ರಿಂದ 28 ಡಿಗ್ರಿ ಇರಬೇಕು. ಮಂಗಳೂರಿನ ಕಡೆಯವರಿಗೆ ಹೀಟರ್ ಬೇಕಾಗುವುದೇ ಅಪರೂಪ. ಬೆಂಗಳೂರು, ಮೈಸೂರು, ಮಲೆನಾಡಿನ ಡಿಸೆಂಬರ್ ಚಳಿಗೆ ಬೇಕು, 50 ವಾಟ್‌ನದ್ದು ಸಾಕು. ಏಪ್ರಿಲ್‌ನಲ್ಲಿ ನೀರು 30 ದಾಟಿದರೆ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಗಾಳಿ ನೀರಿನ ಮೇಲೆ ಬೀಳುವಂತೆ ಇಡಿ. ಕರೆಂಟ್ ಹೋಗುವ ಊರಾದರೆ ಏರ್ ಪಂಪನ್ನು ಯುಪಿಎಸ್ ಲೈನಿಗೆ ಕೊಡಿ, ಅಥವಾ ಬ್ಯಾಟರಿಯದ್ದೊಂದು ಇಟ್ಟುಕೊಳ್ಳಿ.

ಗಿಡ ನಿಜವಾದದ್ದೇ ಬೇಕಾ?

ಹೌದು, ಒತ್ತೊತ್ತಾಗಿ. ಜಾವಾ ಪಾಚಿ, ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾ ಸುಲಭವಾಗಿ ಬೆಳೆಯುತ್ತವೆ. ಒಂದಕ್ಕೊಂದು ಕಣ್ಣಿಗೆ ಬೀಳದಂತೆ ಮರೆ ಇದ್ದರೆ ಜಗಳ ಅರ್ಧ ಕಡಿಮೆ. ತಳಕ್ಕೆ ನುಣ್ಣನೆಯ ಮರಳು ಹಾಕಿ.

ಏನು ತಿನ್ನುತ್ತೆ? ಮಾಮೂಲಿ ಮೀನಿನ ಕಾಳು ಹಾಕಿದರೆ ಮೂಸಿಯೂ ನೋಡುತ್ತಿಲ್ಲ.

ನೋಡುವುದಿಲ್ಲ. ಅಪರೂಪಕ್ಕೆ ಒಂದೆರಡು ಮೀನು ಕಾಳು ತಿನ್ನಲು ಕಲಿಯುತ್ತವೆ, ಅದನ್ನು ನಂಬಿಕೊಂಡು ಮೀನು ತರಬೇಡಿ. ಇದು ಬೇಟೆಗಾರ. ಬೇಕಾಗಿರುವುದು ಬಸವನಹುಳು, ಫ್ರೀಜರ್‌ನಲ್ಲಿಟ್ಟ ಬ್ಲಡ್ ವರ್ಮ್ ಎಂಬ ಕೆಂಪು ಹುಳು, ಡಾಫ್ನಿಯಾ ಎಂಬ ನೀರಿನ ಪುಟ್ಟ ಜೀವಿ, ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯ ಮರಿಗಳು. ಅಂಗಡಿಯಲ್ಲಿ ಸಿಗುವ ಜೀವಂತ ಟ್ಯೂಬಿಫೆಕ್ಸ್ ಹುಳು ಹೆಚ್ಚಾಗಿ ಚರಂಡಿ ಕೆಸರಿನದು, ಜೊತೆಗೆ ರೋಗವನ್ನೂ ತರುತ್ತದೆ. ನಾನು ಹಾಕುವುದಿಲ್ಲ.

ಒಮ್ಮೆ ಬಸವನಹುಳು ಬಿಟ್ಟು ನೋಡಿ. ಹುಳು ಗಾಜಿನ ಮೇಲೆ ನಿಧಾನಕ್ಕೆ ಹತ್ತುತ್ತಿರುತ್ತದೆ. ಪಫರ್ ನಾಲ್ಕು ಬೆರಳು ದೂರದಲ್ಲಿ ಬಂದು ನಿಲ್ಲುತ್ತದೆ. ಅದರ ಕಣ್ಣುಗಳು ಬೇರೆ ಬೇರೆಯಾಗಿ ತಿರುಗುತ್ತವೆ, ಒಂದು ಹುಳುವಿನ ಮೇಲೆ, ಇನ್ನೊಂದು ನಿಮ್ಮ ಮೇಲೆ. ಮೈ ಓರೆ ಮಾಡಿ ಆ ಕಡೆಯಿಂದ ನೋಡುತ್ತದೆ, ಈ ಕಡೆಯಿಂದ ನೋಡುತ್ತದೆ. ಬಾಲ ಪಕ್ಕಕ್ಕೆ ಮಡಚುತ್ತದೆ. ಹುಳು ಚಿಪ್ಪಿನಿಂದ ಮೆಲ್ಲಗೆ ಕೊಂಬು ಚಾಚಿದ್ದೇ ತಡ, ಪಟ್ ಅಂತ ಕಚ್ಚಿ ಎಳೆಯುತ್ತದೆ. ಖಾಲಿ ಚಿಪ್ಪು ಗಿರಕಿ ಹೊಡೆಯುತ್ತಾ ಮರಳಿಗೆ ಬೀಳುತ್ತದೆ. ನಮ್ಮಮ್ಮ ಇದನ್ನು ಮೊದಲ ಸಲ ನೋಡಿ, "ಇಷ್ಟಗಲ ಇದೆ, ಏನು ಸಂಚು ಹಾಕುತ್ತೋ ಮಾರಾಯ!" ಅಂದಿದ್ದರು. ಈಗ ಸಂಜೆ ಕಾಫಿ ಲೋಟ ಹಿಡಿದು ಟ್ಯಾಂಕ್ ಮುಂದೆ ಅವರೇ ಕೂರುತ್ತಾರೆ.

ದಿನಕ್ಕೊಂದು ಸಲ, ಹೊಟ್ಟೆ ಸ್ವಲ್ಪ ದುಂಡಗಾಗುವಷ್ಟು ಸಾಕು. ಗೋಲಿಯಂತಾದರೆ ಜಾಸ್ತಿಯಾಯಿತು. ಬೆಳೆದ ಮೀನಿಗೆ ವಾರಕ್ಕೊಂದು ದಿನ ಉಪವಾಸ ಇರಲಿ. ಉಳಿದದ್ದನ್ನು ಅರ್ಧ ಗಂಟೆಯೊಳಗೆ ತೆಗೆದುಬಿಡಿ.

ದಿನಾ ಬಸವನಹುಳು ಎಲ್ಲಿಂದ ತರೋದು?

ತರುವುದಲ್ಲ, ಸಾಕುವುದು. ಮೀನು ತರುವ ತಿಂಗಳ ಮುಂಚೆಯೇ ಶುರು ಮಾಡಿ. ಇದೊಂದು ಮಾತು ಕೇಳಿದರೆ ಉಳಿದ ಅರ್ಧ ಸಮಸ್ಯೆ ಬರುವುದೇ ಇಲ್ಲ. ಮೀನು ತಂದ ಮೇಲೆ ಊಟ ಹುಡುಕಲು ಹೊರಟವರ ಮೀನುಗಳು ಹಸಿದು ಸತ್ತದ್ದನ್ನು ನಾನು ನೋಡಿದ್ದೇನೆ.

ಅಗಲ ಬಾಯಿಯ ಒಂದು ದೊಡ್ಡ ಬಾಟಲಿ ಅಥವಾ ಐದು ಲೀಟರ್ ಡಬ್ಬ ಸಾಕು. ಅಕ್ವೇರಿಯಂ ಗಿಡ ಕೊಂಡರೆ ಜೊತೆಗೆ ಪುಟ್ಟ ಬಸವನಹುಳುಗಳು ಪುಕ್ಕಟೆ ಬಂದೇ ಬರುತ್ತವೆ. ಬೇರೆಯವರು ಅವನ್ನು ಕಂಡರೆ ಶಾಪ ಹಾಕುತ್ತಾರೆ, ಅವರಿಂದಲೇ ಕೇಳಿ ತನ್ನಿ, ಖುಷಿಯಾಗಿ ಕೊಡುತ್ತಾರೆ. ರಾಮ್ಸ್‌ಹಾರ್ನ್ ಮತ್ತು ಬ್ಲ್ಯಾಡರ್ ಎಂಬ ಎರಡು ಬಗೆ ಒಳ್ಳೆಯವು. ಉದ್ದ ಶಂಖದಂತಿರುವ ಟ್ರಂಪೆಟ್ ಬಗೆ ಬೇಡ, ಚಿಪ್ಪು ತುಂಬಾ ಗಟ್ಟಿ, ಮೀನಿನ ಹಲ್ಲು ಮುರಿಯಬಹುದು.

ಊಟಕ್ಕೆ ಸೌತೆಕಾಯಿ ಬಿಲ್ಲೆ, ಬಾಡಿಸಿದ ಪಾಲಕ್ ಎಲೆ. ಸೊಪ್ಪನ್ನು ಚೆನ್ನಾಗಿ ತೊಳೆಯಿರಿ. ಒಂದು ಸಲ ಮಾರ್ಕೆಟ್ ಸೊಪ್ಪು ಹಾಗೇ ಹಾಕಿ, ಬೆಳಿಗ್ಗೆ ನೋಡಿದರೆ ಬಾಟಲಿಯ ಹುಳುಗಳೆಲ್ಲ ತಳ ಸೇರಿದ್ದವು. ಔಷಧಿ ಹೊಡೆದ ಸೊಪ್ಪಿರಬೇಕು. ಚಿಪ್ಪು ಗಟ್ಟಿಯಾಗಲು ಮೊಟ್ಟೆ ಸಿಪ್ಪೆಯ ಒಂದು ಚೂರು ಹಾಕಿಡಿ. ಕೆಲವೇ ದಿನಗಳಲ್ಲಿ ಗಾಜಿಗೆ ಅಂಟಿದ ಲೋಳೆ ಮುದ್ದೆಯೊಳಗೆ ಚುಕ್ಕೆ ಚುಕ್ಕೆ ಮೊಟ್ಟೆ ಕಾಣುತ್ತವೆ. ಮೀನಿನ ಕಣ್ಣಿನಷ್ಟು ದೊಡ್ಡ ಹುಳು ಅದಕ್ಕೆ ಸರಿಯಾದ ತುತ್ತು.

ಟೆರೇಸ್ ಮೇಲೆ ಬಕೆಟ್ ಇಟ್ಟರೆ ಸೊಳ್ಳೆ ಮರಿ ಪುಕ್ಕಟೆ ಸಿಗುತ್ತಲ್ಲ?

ಸಿಗುತ್ತದೆ, ಮೀನಿಗೂ ಪ್ರಾಣ. ಆದರೆ ಒಂದು ವಾರ ಮರೆತರೆ ಅವೇ ಹಾರಿಹೋಗಿ ಪಕ್ಕದ ಮನೆ ಮಗುವನ್ನು ಕಚ್ಚುತ್ತವೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ಒಳ್ಳೆಯ ನೀರಿನಲ್ಲೇ. ಬೇಡ ಬಿಡಿ. ಅದರ ಬದಲು ಆರ್ಟೀಮಿಯಾ ಮೊಟ್ಟೆ ತನ್ನಿ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು ಕದಡಿ, ಏರ್ ಪಂಪಿನ ಕೊಳವೆ ಬಿಟ್ಟರೆ ಒಂದೂವರೆ ದಿನದೊಳಗೆ ಕಿತ್ತಳೆ ಧೂಳಿನಂತೆ ಮರಿಗಳು ಓಡಾಡುತ್ತವೆ. ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿ.

ಹಲ್ಲು ಬೆಳೆಯುತ್ತಲೇ ಇರುತ್ತಂತೆ, ನಿಜವಾ?

ನಿಜ. ನಾಲ್ಕು ಹಲ್ಲು ಕೂಡಿಕೊಂಡು ಗಿಳಿಯ ಕೊಕ್ಕಿನಂತಾಗಿರುತ್ತವೆ, ಸವೆಯದಿದ್ದರೆ ಬಾಯಿ ಮುಚ್ಚಲಾಗದಷ್ಟು ಬೆಳೆಯುತ್ತವೆ. ದೊಡ್ಡ ಪಫರ್‌ಗಳಲ್ಲಿ ಇದು ದೊಡ್ಡ ತೊಂದರೆ. ಬಟಾಣಿ ಪಫರ್‌ನಲ್ಲಿ ಕಡಿಮೆ. ವಾರಕ್ಕೆ ಕೆಲವು ಸಲ ಚಿಪ್ಪಿನ ಹುಳು ಸಿಕ್ಕರೆ ಸಾಕು.

ಜೊತೆಗೆ ಗಪ್ಪಿ, ಗೋಲ್ಡ್ ಫಿಶ್ ಬಿಡಬಹುದಾ?

ಬಿಟ್ಟರೆ ಬೆಳಗಾಗುವುದರೊಳಗೆ ಗಪ್ಪಿಗಳ ಬಾಲ ಚಿಂದಿ. ಉದ್ದ ರೆಕ್ಕೆ ಕಂಡರೆ ಇದಕ್ಕೆ ತಡೆಯಲಾಗುವುದಿಲ್ಲ. ಇದಕ್ಕೆ ಅಂತಲೇ ಒಂದು ಟ್ಯಾಂಕ್ ಇರಲಿ.

ತಮ್ಮೊಳಗೂ ಜಗಳ ಉಂಟು, ಅದರಲ್ಲೂ ಗಂಡುಗಳ ನಡುವೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ಸರಿ. ಬೆಳೆದ ಗಂಡಿಗೆ ಹೊಟ್ಟೆಯ ನಡುವೆ ಕಪ್ಪು ಗೆರೆ, ಕಣ್ಣಿನ ಹಿಂದೆ ನೀಲಿ ಮಿಂಚಿನ ಸುಕ್ಕುಗಳು ಇರುತ್ತವೆ. ಹೆಣ್ಣು ದುಂಡಗೆ. ಅಂಗಡಿಯಲ್ಲಿ ಸಿಗುವ ಮರಿಗಳಲ್ಲಿ ಇದೊಂದೂ ಗೊತ್ತಾಗುವುದಿಲ್ಲ. ಹಾಗಾಗಿ ಐದಾರು ತಂದು, ಬೆಳೆದ ಮೇಲೆ ಹೆಚ್ಚಾದ ಗಂಡನ್ನು ಬೇರೆ ಟ್ಯಾಂಕ್‌ಗೆ ಹಾಕಲು ತಯಾರಿರಬೇಕು. ಅಷ್ಟು ಜಾಗ ಇಲ್ಲದಿದ್ದರೆ ಒಂದನ್ನೇ ಸಾಕಿ.

ಉಬ್ಬುವುದನ್ನು ನೋಡಬೇಕು ಅಂತ ಮಕ್ಕಳು ಹಟ ಮಾಡುತ್ತಾರೆ.

ಮಾಡಲಿ. ಬೇಕಂತಲೇ ಉಬ್ಬಿಸಬೇಡಿ. ಪ್ರಾಣಭಯವಾದಾಗ ಮಾತ್ರ ಅದು ನೀರು ನುಂಗಿ ಉಬ್ಬುವುದು. ನೀರಿನಿಂದ ಹೊರಗೆ ಎತ್ತಿದರೆ ಗಾಳಿ ನುಂಗುತ್ತದೆ, ಆ ಗಾಳಿ ಹೊರಗೆ ಹೋಗದೆ ತಲೆಕೆಳಗಾಗಿ ತೇಲಿ ಸಾಯಲೂಬಹುದು. ಹಾಗಾಗಿ ಬಲೆಯಲ್ಲಿ ಹಿಡಿಯಬೇಡಿ. ಲೋಟ ಮುಳುಗಿಸಿ ನೀರಿನ ಸಮೇತ ಎತ್ತಿ. ನಾನು ಇಷ್ಟು ವರ್ಷದಲ್ಲಿ ನನ್ನ ಮೀನು ಉಬ್ಬಿದ್ದನ್ನು ನೋಡಿದ್ದು ಎರಡೇ ಸಲ, ಎರಡೂ ಸಲ ತಪ್ಪು ನನ್ನದೇ.

ಪಫರ್ ವಿಷದ ಮೀನಲ್ವಾ? ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ಮುಟ್ಟಿದರೆ, ಟ್ಯಾಂಕ್‌ಗೆ ಕೈ ಹಾಕಿದರೆ ಏನೂ ಆಗುವುದಿಲ್ಲ. ವಿಷ ಇರುವುದು ತಿಂದರೆ. ಜಪಾನಿನಲ್ಲಿ ಫುಗು ಎಂಬ ಸಮುದ್ರದ ಪಫರ್ ಅಡುಗೆ ಮಾಡಲು ಪರವಾನಗಿ ಪಡೆದವರೇ ಬೇಕು. ಆ ವಿಷ ಮೀನು ತಾನೇ ತಯಾರಿಸಿದ್ದಲ್ಲ, ಬ್ಯಾಕ್ಟೀರಿಯಾದಿಂದ ಊಟದ ಮೂಲಕ ಮೈಗೆ ಸೇರುವಂಥದ್ದು. ಸತ್ತ ಮೀನನ್ನು ಮಾತ್ರ ಬೆಕ್ಕು, ನಾಯಿಗೆ ಸಿಗದಂತೆ ಹೂಳಿ. ಟ್ಯಾಂಕ್‌ಗೆ ಕೈ ಹಾಕುವ ಮುಂಚೆ ಸೋಪು ಪೂರ್ತಿ ಹೋಗುವಂತೆ ತೊಳೆದುಕೊಳ್ಳಿ. ಇಲ್ಲಿ ಭಯ ಮೀನಿನಿಂದ ನಮಗಲ್ಲ, ನಮ್ಮಿಂದ ಮೀನಿಗೆ.

ವಾರದ ಕೆಲಸ ಏನೇನು?

ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸುವುದು. ಪೈಪಿನಿಂದ ತಳದ ಗಲೀಜು, ಖಾಲಿ ಚಿಪ್ಪು ಎಳೆದುಕೊಳ್ಳಿ. ಆ ನೀರನ್ನು ತುಳಸಿ, ಮಲ್ಲಿಗೆ ಗಿಡಕ್ಕೆ ಹಾಕಿ, ಹೇಗೆ ಚಿಗುರುತ್ತವೆ ನೋಡಿ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತು ಹೆಪ್ಪೇ ಹಾಳಾಗುತ್ತದೆ. ತೆಗೆದ ಟ್ಯಾಂಕ್ ನೀರಿನಲ್ಲೇ ನಾಲ್ಕು ಸಲ ಹಿಂಡಿದರೆ ಸಾಕು. ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ದಾಟದಂತೆ ನೋಡಿಕೊಳ್ಳಿ. ಹಬ್ಬದ ಹಿಂದಿನ ದಿನ ಮನೆ ತೊಳೆಯುವ ಉತ್ಸಾಹದಲ್ಲಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತಿಕ್ಕುವವರಿದ್ದಾರೆ, ದಯವಿಟ್ಟು ಬೇಡ.

ಚೆನ್ನಾಗಿ ತಿನ್ನುತ್ತೆ, ಆದರೂ ಹೊಟ್ಟೆ ಒಳಗೆ ಹೋಗಿದೆ. ಯಾಕೆ?

ಹೊಟ್ಟೆಹುಳು ಇರಬಹುದು. ಅಂಗಡಿಗೆ ಬರುವ ಎಷ್ಟೋ ಬಟಾಣಿ ಪಫರ್‌ಗಳು ಹೊಳೆಯಲ್ಲಿ ಹಿಡಿದವು. ಹೇಲು ಬಿಳಿ ದಾರದಂತೆ ಜೋತಾಡುತ್ತಿದ್ದರೆ ಅನುಮಾನ ಗಟ್ಟಿ. ಲೆವಾಮಿಸೋಲ್ ಅಥವಾ ಪ್ರಾಜಿಕ್ವಾಂಟೆಲ್ ಇರುವ, ಮೀನಿಗೆಂದೇ ಮಾಡಿದ ಔಷಧಿಯನ್ನು ಬೇರೆ ಡಬ್ಬದಲ್ಲಿ ಕೊಡಬೇಕು, ಪ್ಯಾಕೆಟ್ ಮೇಲಿನ ಪ್ರಮಾಣ ಮೀರಬಾರದು. ಇದರ ಮೈಮೇಲೆ ಮಾಮೂಲಿ ಮೀನಿನಂತೆ ಹುರುಪೆ ಇಲ್ಲ, ಔಷಧಿ ಬೇಗ ತಾಗುತ್ತದೆ. ತಾಮ್ರ ಇರುವ ಔಷಧಿ ಮುಟ್ಟಲೇಬೇಡಿ.

ಮೊಟ್ಟೆ ಇಡುತ್ತಾ?

ಚೆನ್ನಾಗಿ ನೋಡಿಕೊಂಡರೆ ಇಡುತ್ತದೆ, ಪಾಚಿಯೊಳಗೆ, ಸಾಸಿವೆಗಿಂತ ಚಿಕ್ಕವು. ದೊಡ್ಡ ಮೀನುಗಳೇ ತಿಂದುಬಿಡುತ್ತವೆ. ಪಾಚಿಯ ಸಮೇತ ಬೇರೆ ಡಬ್ಬಕ್ಕೆ ತೆಗೆದರೆ ಐದಾರು ದಿನದಲ್ಲಿ ಮರಿ. ನನಗೆ ಮೂರು ಸಲ ಮೊಟ್ಟೆ ಸಿಕ್ಕಿವೆ, ದೊಡ್ಡದಾಗಿ ಬೆಳೆದದ್ದು ನಾಲ್ಕೇ ಮರಿ.

ಬೇಡ ಅನಿಸಿದರೆ ಕೆರೆಗೆ ಬಿಡಬಹುದಾ? ನಮ್ಮ ನಾಡಿನದೇ ಮೀನಲ್ವಾ?

ಬೇಡ. ಪಂಪಾ ನದಿಯ ಮೀನು ಹೆಬ್ಬಾಳ ಕೆರೆಗೆ ಪರದೇಶಿಯೇ. ಟ್ಯಾಂಕ್‌ನ ರೋಗವೂ ಜೊತೆಗೆ ಹೋಗುತ್ತದೆ. ಬಸವನಹುಳುಗಳಿಗೂ ಇದೇ ಮಾತು. ಸಾಕುವವರಿಗೆ ಕೊಡಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈ ಮೀನು ಅಪಾಯದ ಸಾಲಿನಲ್ಲಿದೆ. ಅಕ್ವೇರಿಯಂ ವ್ಯಾಪಾರಕ್ಕೆ ಮಿತಿಮೀರಿ ಹಿಡಿದದ್ದೂ ಅದಕ್ಕೆ ಒಂದು ಕಾರಣ. ಹಾಗಾಗಿ ಮನೆಯಲ್ಲಿ ಮರಿ ಮಾಡಿದವರಿಂದ ಸಿಕ್ಕರೆ ಅದನ್ನೇ ತನ್ನಿ, ನಾಲ್ಕು ಕಾಸು ಹೆಚ್ಚಾದರೂ. ಚೆನ್ನಾಗಿ ಸಾಕಿದರೆ ನಾಲ್ಕೈದು ವರ್ಷ ಜೊತೆಗಿರುತ್ತದೆ.

ಸರಿ, ಮೀನು ತಂದಾಯಿತು. ಮೊದಲ ದಿನ ಏನು ಮಾಡಲಿ?

ಲೈಟ್ ಆರಿಸಿ. ಕವರನ್ನು ಕಾಲು ಗಂಟೆ ಟ್ಯಾಂಕ್ ನೀರಿನ ಮೇಲೆ ತೇಲಿಬಿಡಿ. ಆಮೇಲೆ ಕವರಿನ ಬಾಯಿ ಬಿಚ್ಚಿ, ಹತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟ ಟ್ಯಾಂಕ್ ನೀರು ಸೇರಿಸುತ್ತಾ ಬನ್ನಿ. ಮುಕ್ಕಾಲು ಗಂಟೆ ಕಳೆದ ಮೇಲೆ ಮೀನನ್ನು ಲೋಟದಲ್ಲಿ ಎತ್ತಿ ಬಿಡಿ, ಕವರಿನ ನೀರನ್ನು ಚೆಲ್ಲಿ. ಆ ದಿನ ಊಟ ಬೇಡ, ಗಾಜು ತಟ್ಟುವುದು ಬೇಡ, ಫೋಟೋ ನಾಳೆ ತೆಗೆಯಿರಿ. ಮಾರನೇ ದಿನ ಬೆಳಿಗ್ಗೆ ನಿಮ್ಮ ಬಾಟಲಿಯಿಂದ ಎಲ್ಲಕ್ಕಿಂತ ಚಿಕ್ಕ ಬಸವನಹುಳು ಒಂದನ್ನು ಆರಿಸಿ ಗಾಜಿನ ಮೇಲೆ ಬಿಟ್ಟು, ದೂರ ಕೂತು ನೋಡಿ.